ರಾಚವ್ವ ತಪ್ಪಾಗಿ ಮಾಡಿದ ಹೊಳೆ

ಬಲು ಹಿಂದಿನ ಮಾತು ಇದು. ನನ್ನಜ್ಜಿಗೆ ಅವಳಜ್ಜಿ ಹೇಳಿದ್ದು, ಆ ಅಜ್ಜಿಗೆ ಯಾರು ಹೇಳಿದರೋ ಹೊಳೆಗೇ ಗೊತ್ತು. ಹೊಳೆಯ ದಂಡೆಗೆ ಸಿರಗುಂಡಿ ಅಂತ ಒಂದೂರು, ಆ ಊರಲ್ಲಿ ಗೊಂಬೆ ಮಾಡುವ ಚಿತ್ರಗಾರರ ಓಣಿ, ಆ ಓಣಿಯಲ್ಲಿ ರಾಚವ್ವ ಅಂತ ಒಬ್ಬ ಹೆಂಗಸು ಇದ್ದಳಂತೆ.

ಗೊಂಬೆ ಕೆತ್ತುವುದು, ಕಣ್ಣು ಬರೆಯುವುದು ಗಂಡಸರ ಕೆಲಸ. ಗೊಂಬೆ ನಿಲ್ಲುವ ಹಲಗೆಗೆ ಮಣ್ಣು ಮೆತ್ತಿ ಕೆರೆ, ಬಾವಿ, ಹೊಳೆ ಮಾಡುವುದು ಯಾರಿಗೂ ಬೇಡದ ಕೆಲಸ. ಅದು ರಾಚವ್ವನ ಪಾಲಿಗೆ ಬಂತು. ಉಳಿದವರಾದರೆ ನೀರು ಬೇಕಾದಲ್ಲಿ ಒಂದು ಕನ್ನಡಿ ಚೂರು ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದರು. ರಾಚವ್ವನಿಗೆ ಅದು ಸೇರುತ್ತಿರಲಿಲ್ಲ. ಕನ್ನಡಿಗೆ ತಳವೇ ಇಲ್ಲ, ತಳ ಇಲ್ಲದ್ದು ಎಂಥ ನೀರು ಅನ್ನುತ್ತಿದ್ದಳಂತೆ.

ಅದಕ್ಕೇ ಅವಳು ಮೊದಲು ತಳ ಮಾಡುತ್ತಿದ್ದಳು. ದಂಡೆಗೆ ಜರಡಿ ಹಿಡಿದ ಮರಳು, ಅಲ್ಲಿಂದ ಮುಂದೆ ಕೆಸರಿನ ಬಣ್ಣ, ಆಳದ ಮಡುವಿಗೆ ಕಾಡಿಗೆ ಬೆರೆಸಿದ ನೀಲಿ. ಅದರ ಮೇಲೆ ಅಗಸೆ ಎಣ್ಣೆಯಲ್ಲಿ ಕಾಯಿಸಿ ಸೋಸಿದ ರಾಳವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹರಡುವುದು. ಅದು ಆರಿದ ಮೇಲೆ ಇನ್ನೊಂದು ಪದರ, ಆಮೇಲೆ ಮತ್ತೊಂದು. ಅವಸರಪಟ್ಟು ಒಮ್ಮೆಗೇ ಸುರಿದರೆ ಮೇಲೆ ಕೆನೆ ಕಟ್ಟಿ ಸುಕ್ಕಾಗುತ್ತದೆ, ಒಳಗೆ ಹಸಿಯಾಗೇ ಉಳಿಯುತ್ತದೆ. ಕೊನೆಯ ಪದರ ಅರೆಬರೆ ಆರುವ ಹೊತ್ತಿಗೆ ಕಸಬರಿಗೆಯ ಕಡ್ಡಿಯಿಂದ ಅಲೆ ಎಳೆಯುತ್ತಿದ್ದಳು. ಪೂರಾ ಆರಿದ ಮೇಲೆ ದೇವರು ಬಂದರೂ ತಿದ್ದುವಂತಿಲ್ಲ.

ಅವಳು ಮಾಡಿದ ಬಾವಿಗೆ ಗುಬ್ಬಿ ಕೊಕ್ಕು ಹಾಕಿತಂತೆ. ಅವಳ ಕೆರೆಯನ್ನು ಕರು ನೆಕ್ಕಿತಂತೆ. ಮನೆಗೆ ಬಂದ ಬೀಗರೊಬ್ಬರು ಅದರಲ್ಲಿ ಕಾಲು ತೊಳೆಯಲು ಹೋದರಂತೆ. ಇದು ಮಾತ್ರ ಜಾಸ್ತಿಯಾಯಿತು, ಮೊರದಗಲದ ಹಲಗೆಯಲ್ಲಿ ಬೀಗರು ಕಾಲು ಎಲ್ಲಿಡಬೇಕು? ಆದರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಆ ಊರ ಅಂಬಿಗ ಹುಲಿಗೆಪ್ಪ. ಹರಿಗೋಲು ನಡೆಸುವುದರಲ್ಲಿ ಅವನಂಥವನು ಇನ್ನೊಬ್ಬನಿರಲಿಲ್ಲವಂತೆ. ಅವನಿಗೊಬ್ಬ ತಮ್ಮ, ಯಂಕೋಬ. ತಾಯಿ ಸತ್ತ ಮೇಲೆ ಹುಲಿಗೆಪ್ಪನೇ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವನು. ಒಂದು ದಿನ ಆಚೆ ದಂಡೆಯಿಂದ ಕೊಯ್ಲು ಮುಗಿಸಿದ ಹೆಂಗಸರು, ಕಂಕುಳ ಕೂಸುಗಳು ಹರಿಗೋಲು ತುಂಬಿದ್ದರು. ಬಣ್ಣದ ಕಲ್ಲು ತರಲು ಹೋಗಿದ್ದ ರಾಚವ್ವನೂ ಅದರಲ್ಲೇ ಇದ್ದಳು. ಹೊಳೆ ಏರುತ್ತಿತ್ತು. ನಡುಹೊಳೆಯಲ್ಲಿ ಆನೆಗಲ್ಲು ಅನ್ನುವ ಬಂಡೆಯ ಹತ್ತಿರ ಹರಿಗೋಲು ವಾಲಿತು, ಅಂಚಿನಲ್ಲಿ ನಿಂತಿದ್ದ ಯಂಕೋಬ ನೀರಿಗೆ ಬಿದ್ದ. ಹುಲಿಗೆಪ್ಪ ಕೈಯಲ್ಲಿದ್ದ ಹುಟ್ಟು ಬಿಡಲಿಲ್ಲ. ಎಲ್ಲರನ್ನೂ ದಂಡೆಗೆ ಮುಟ್ಟಿಸಿ, ಒಬ್ಬನೇ ತಿರುಗಿ ಹೋಗಿ ಹುಡುಕಿದ. ಯಂಕೋಬ ಸಿಕ್ಕಿದ್ದು ಮರುದಿನ, ಕೆಳಗಿನ ಊರಿನಲ್ಲಿ.

ತಮ್ಮನನ್ನು ಮಣ್ಣು ಮಾಡಿ ಬಂದ ಹುಲಿಗೆಪ್ಪ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಊರಿಗೆ ಊರೇ ಬಂದು ಹೇಳಿತಂತೆ, ನೀನು ಮಾಡಿದ್ದು ಸರಿ, ಒಂದು ಜೀವ ಹೋದರೂ ಇಷ್ಟು ಜೀವ ಉಳಿದವು ಅಂತ. ಹೇಳಿದಷ್ಟೂ ಅವನು ಗೋಡೆಗೆ ಇನ್ನಷ್ಟು ಹತ್ತಿರ ಸರಿದ. ಹೆಂಡತಿ ದುರುಗವ್ವ ಬಾಯಿಗೆ ಗಂಜಿ ಹಾಕಿದರೆ ತುಟಿಯಿಂದ ಹೊರಗೆ ಹರಿಯುತ್ತಿತ್ತು. ಮಾತಿಲ್ಲ, ನಿದ್ದೆಯಿಲ್ಲ. ಇವನೂ ತಮ್ಮನ ಹಿಂದೆಯೇ ಹೊರಟ ಅಂತ ದುರುಗವ್ವ ಓಣಿಯಲ್ಲಿ ಕೂತು ಅತ್ತಳಂತೆ.

ರಾಚವ್ವ ಮಾತ್ರ ಹೋಗಿರಲಿಲ್ಲ. ಅವನೆದುರು ನಿಲ್ಲಲು ಅವಳಿಗೆ ಮುಖವಿರಲಿಲ್ಲ. ಉಳಿದ ಜೀವಗಳಲ್ಲಿ ತನ್ನದೂ ಒಂದು, ಅವನಿಗೆ ಏನಂತ ಹೇಳುವುದು? ಅವಳು ಮನೆಯಲ್ಲಿ ಕೂತು ಹಲಗೆಯ ಮೇಲೆ ಊರ ಹೊಳೆಯನ್ನೇ, ನಡುವೆ ಆನೆಗಲ್ಲನ್ನಿಟ್ಟು, ಮಾಡುತ್ತಿದ್ದಳು. ಪದರದ ಮೇಲೆ ಪದರ ಆರಿಸಿ, ಕೊನೆಯದು ಹಸಿಯಿರುವಾಗಲೇ ಹಲಗೆ ಎತ್ತಿಕೊಂಡು ಹುಲಿಗೆಪ್ಪನ ಮನೆಗೆ ಬಂದಳು. ಅವನಿಗೂ ಗೋಡೆಗೂ ನಡುವೆ ಅದನ್ನಿಟ್ಟು, ಪಕ್ಕದಲ್ಲಿ ಕೂತು ಅಲೆ ಎಳೆಯತೊಡಗಿದಳು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಬಿಸಿಲು ಇಳಿಯುವುದರೊಳಗೆ ಆರಿಬಿಡುತ್ತದೆ, ಆಮೇಲೆ ಹೇಗಿದೆಯೋ ಹಾಗೇ ಅಂತ ದುರುಗವ್ವನಿಗೆ ಹೇಳಿದಳು, ಅಷ್ಟೇ.

ಅವಳ ಕಡ್ಡಿಯಡಿ ಮೇಲಿನಿಂದ ಬಂದ ಅಲೆಗಳು ಆನೆಗಲ್ಲಿಗೆ ಬಡಿದು ಎರಡಾದವು. ಕಲ್ಲಿನ ಹಿಂದೆ ಕೂಡಿ ನೇರ ಕೆಳಗೆ ಓಡಿದವು. ಹುಲಿಗೆಪ್ಪ ನೋಡಿದ. ಕಣ್ಣು ಮುಚ್ಚಿದ, ಮತ್ತೆ ನೋಡಿದ. ದುರುಗವ್ವ ಬಾಗಿಲಲ್ಲಿ ನಿಂತಿದ್ದಳು. ಅವನು ಹಲಗೆಯ ಕಡೆ ಬಾಗಿ ಮಾತಾಡಿದ.

"ಇದು ತಪ್ಪೈತಿ, ಯವ್ವಾ."

ರಾಚವ್ವ ತಲೆ ಎತ್ತದೆ, ಎಲ್ಲಿ ಅಂತ ಕೇಳಿದಳು.

"ಆನಿಗಲ್ಲಿನ ಹಿಂದ ನೀರು ಹಂಗ ಓಡಿ ಹೋಗಂಗಿಲ್ಲ. ಹೊಳ್ಳಿ ಬರತೈತಿ. ಬಿದ್ದ ಕಟ್ಟಿಗಿ ಸುದ್ದಾ ಅಲ್ಲೇ ಸುತ್ತತೈತಿ." ಅವನು ಕಲ್ಲಿನ ಹಿಂದೆ ಬೆರಳು ತೋರಿಸಿದ. "ಅದಕ್ಕ ನಾ ಹುಟ್ಟು ಬಿಡಲಿಲ್ಲ. ನಿಮ್ಮನ್ನ ದಂಡಿಗಿ ಹಾಕಿ ಬರೂತನಕ ನನ್ನ ತಮ್ಮ ಅಲ್ಲೇ ಇರತಾನ ಅಂದಕೊಂಡಿದ್ನಿ."

ಒಂದು ಜೀವ ಬಿಟ್ಟು ಹಲವು ಜೀವ ಉಳಿಸಿದ ಅಂತ ಊರೆಲ್ಲ ಹೊಗಳಿತ್ತಲ್ಲ, ಅವನು ಯಾರನ್ನೂ ಬಿಟ್ಟಿರಲೇ ಇಲ್ಲ. ಹೊಳೆಯನ್ನು ನಂಬಿದ್ದ, ಏರುವ ಹೊಳೆ ಆ ದಿನ ಮಾತ್ರ ತಮ್ಮನನ್ನು ಅಲ್ಲಿ ನಿಲ್ಲಿಸಿಕೊಳ್ಳಲಿಲ್ಲ. ಅದನ್ನು ಅವನ ಬಾಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ. ರಾಚವ್ವನ ಕಣ್ಣಿಂದ ನೀರು ದಳದಳ ಇಳಿಯಿತು. ಕಡ್ಡಿಯನ್ನು ಅವನ ಕೈಗೆ ಕೊಟ್ಟಳು.

"ನನಗ ಬರಂಗಿಲ್ಲಪ್ಪ. ಆರೂದರಾಗ ನೀನ ತಿದ್ದು."

ಅವನು ತಿದ್ದಿದ. ಕಲ್ಲಿನ ಹಿಂದೆ ನೀರನ್ನು ಮೆಲ್ಲಗೆ ತಿರುಗಿಸಿದ, ಮೇಲಕ್ಕೆ ತಂದ, ಕಲ್ಲಿನ ಬೆನ್ನಿಗೆ ಮುಟ್ಟಿಸಿದ. ಅಳುತ್ತಲೇ ತಿದ್ದಿದನಂತೆ. ಮುಗಿದ ಮೇಲೆ ದುರುಗವ್ವನನ್ನು ಕರೆದು ಗಂಜಿ ಕೇಳಿದ. ಮುಂದೆ ಹೊಳೆ ಇಳಿದಾಗ ಹರಿಗೋಲನ್ನೂ ನೀರಿಗಿಳಿಸಿದ.

ರಾಚವ್ವ ಬೇಕಂತಲೇ ತಪ್ಪಿದಳೋ, ನಿಜವಾಗಿಯೂ ತಪ್ಪಿದಳೋ ಅಂತ ಸಿರಗುಂಡಿಯಲ್ಲಿ ಇವತ್ತಿಗೂ ಜಗಳವಿದೆ. ಕೇಳಿದವರಿಗೆ ಅವಳು, ನನಗೇನು ಗೊತ್ತು, ಹರಿಗೋಲು ಹತ್ತಿದರೆ ಹೆದರಿ ಕಣ್ಣು ಮುಚ್ಚಿ ಕೂರುವವಳು ನಾನು ಅನ್ನುತ್ತಿದ್ದಳಂತೆ. ಹೊಳೆಯ ತಳದ ಮರಳಿನ ಬಣ್ಣ ಬಲ್ಲವಳು ಕಣ್ಣು ಮುಚ್ಚಿದ್ದಳಂತೆ, ನೀವು ನಂಬಿ.

ಈಗಲೂ ಆ ಊರಲ್ಲಿ ಸಾವಾದ ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಕೂತರೆ ಸಮಾಧಾನ ಹೇಳಲು ಯಾರೂ ಹೋಗುವುದಿಲ್ಲ. ಚಿತ್ರಗಾರರ ಓಣಿಯಿಂದ ಒಂದು ಹಲಗೆ ಬರುತ್ತದೆ. ಅದರಲ್ಲಿ ಹಸಿ ಹೊಳೆ, ಹೊಳೆಯಲ್ಲಿ ಎಲ್ಲೋ ಒಂದು ತಪ್ಪು. ತಂದವರು ಕಡ್ಡಿಯನ್ನು ಪಕ್ಕದಲ್ಲಿಟ್ಟು, ಅದು ಆರುವವರೆಗೆ ಸುಮ್ಮನೆ ಜೊತೆಗೆ ಕೂರುತ್ತಾರೆ.