ಗಂಗವ್ವನ ಲೈಸೆನ್ಸ್ ಪರೀಕ್ಷೆ

ರಾಣೆಬೆನ್ನೂರಿನ ಸಂತೆಬೀದಿಯಲ್ಲಿ ವರ್ಷಗಟ್ಟಲೆ ಟೆಂಪೊ ಓಡಿಸಿದ ಗಂಗವ್ವ ಕೆಲಸದ ವೀಸಾ ಮೇಲೆ ಗಂಡನನ್ನೂ ಕರೆದುಕೊಂಡು ನ್ಯೂಜಿಲೆಂಡಿಗೆ ಹೋದಳು. ಹಾಲಿನ ವ್ಯಾನ್ ಓಡಿಸುವ ಕೆಲಸ. ಅಲ್ಲಿನ ಲೈಸೆನ್ಸ್ ಸಿಗದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ.

ಪರೀಕ್ಷೆಯ ಸಾಹೇಬ ಪಕ್ಕದಲ್ಲಿ ಕೂತವನೇ ಮೂಗು ಮುರಿದ. "ನಿಮ್ಮ ದೇಶದವರು ಹಾರ್ನ್ ಇಲ್ಲದೆ ಗಾಡಿ ಓಡಿಸಲಾರರು. ಇಲ್ಲಿ ಒಮ್ಮೆ ಒತ್ತಿದರೂ ಫೇಲ್!"

"ಆಗಲಿ ಸಾರ್," ಎಂದಳು ಗಂಗವ್ವ.

ಊರಾಚೆ ಕುರಿಹಿಂಡೊಂದು ದಾರಿಗೆ ಅಡ್ಡ ಬಂತು. ಗಂಗವ್ವ ಗಾಡಿ ನಿಲ್ಲಿಸಿ ಕೈಕಟ್ಟಿ ಕೂತಳು. ಕುರಿಗಳು ಅಲ್ಲೇ ನಿಂತು ಮೆಲುಕು ಹಾಕತೊಡಗಿದವು. ಸಾಹೇಬ ಗಡಿಯಾರ ನೋಡಿದ, ಚಡಪಡಿಸಿದ.

"ಹಾರ್ನ್ ಮಾಡಮ್ಮ!"

"ಫೇಲ್ ಆಗ್ತೀನಿ ಸಾರ್. ನನಗೇನೂ ಅವಸರವಿಲ್ಲ. ನಿಮಗಿದ್ದರೆ ನೀವೇ ಒತ್ತಿ."

ತಾಳ್ಮೆಗೆಟ್ಟ ಸಾಹೇಬ ಕೈಚಾಚಿ ಒತ್ತಿಯೇಬಿಟ್ಟ. ಕುರಿಗಳು ಚದುರಿದವು.

ಗಂಗವ್ವ ಮೆಲ್ಲಗೆ ಗೇರ್ ಹಾಕಿದಳು. "ಈಗ ಒತ್ತಿದವರು ಯಾವ ದೇಶದವರು ಸಾರ್?"

ಸಾಹೇಬನ ಮುಖ ಕೆಂಪಾಯಿತು. ಆಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ. ಕಚೇರಿಗೆ ಬಂದವನೇ ಲೈಸೆನ್ಸಿಗೆ ಸಹಿ ಹಾಕಿದ.

ಹೊರಗೆ ಕಾಯುತ್ತಿದ್ದ ಗಂಡ ಓಡಿಬಂದ. "ಏನಾತು?"

ಗಂಗವ್ವ ಸೆರಗು ಕೊಡವಿ ತಲೆಯೆತ್ತಿದಳು. "ನಾ ಪಾಸಾದೆ ರೀ. ಸಾಹೇಬ್ರು ಫೇಲಾದ್ರು."