ದ್ಯಾಮವ್ವನ ಕೆಮ್ಮು

ಹೊಳೆದಂಡೆಯ ಆಶ್ರಮದಲ್ಲಿ ಇದ್ದದ್ದೇ ಇಷ್ಟು: ಎಲ್ಲರೂ ಅಜ್ಜಾರು ಅನ್ನುತ್ತಿದ್ದ ಒಬ್ಬರು ಗುರುಗಳು, ಮುರಿಗೆಪ್ಪನೆಂಬ ಒಬ್ಬ ಶಿಷ್ಯ, ಮತ್ತೆ ಯಾರೋ ಭಕ್ತರು ಮನೆಯಲ್ಲಿ ಜಾಗ ಸಾಲದೆ ತಂದು ಕೊಟ್ಟ ಹಳೇ ಕಂಪ್ಯೂಟರ್. ಅದು ಶುರುವಾಗುವಷ್ಟರಲ್ಲಿ ಒಂದು ಗಂಗಾಳ ಅಂಬಲಿ ಕುಡಿದು ಮುಗಿಸಬಹುದಿತ್ತು.

ಮುರಿಗೆಪ್ಪ ಅದರಲ್ಲಿ ತತ್ವಪದ ಕೂಡಿಡುತ್ತಿದ್ದ. ಊರಲ್ಲಿ ಪದ ಹಾಡುತ್ತಿದ್ದ ಮುದುಕಿ ದ್ಯಾಮವ್ವನನ್ನು ಕೂರಿಸಿ, ಹಾಡಿಸಿ, ಧ್ವನಿ ಹಿಡಿದಿದ್ದ. ಈಗ ದ್ಯಾಮವ್ವ ಇಲ್ಲ.

ಒಂದು ಮುಂಜಾನೆ ಅವಳ ಮಗಳು ಕಾಶವ್ವ ಬಂದಳು. ಮುರಿಗೆಪ್ಪ ಹುರುಪಿನಿಂದ ಪದ ಹಚ್ಚಿದ.

"ಪದ ಬ್ಯಾಡ್ರಿ ಅಣ್ಣಾರ. ಅವು ಊರಾಗ ಎಲ್ಲಾರ ಬಾಯಾಗೂ ಅದಾವ. ಅವ್ವ ಮಾತಾಡಿದ್ದು ಐತೇನ್ರಿ? ನನಗ ಆಕಿ ದನೀನ ಮರ್ಯಾಕ ಹತ್ತೈತಿ."

ಮುರಿಗೆಪ್ಪ ಪದ ನಿಲ್ಲಿಸಿದ. ಮಾತು, ಬೈಗುಳ, ಕೆಮ್ಮು ಎಲ್ಲ ಕತ್ತರಿಸಿ ಪದವಷ್ಟೇ ಉಳಿಸಿದವನು ಅವನೇ. ಹಸನು ಮಾಡುವ ಹುಚ್ಚು, ಏನು ಮಾಡೋದು.

ಹಿತ್ತಲಿಗೆ ಹೋಗಿ ಅಜ್ಜಾರ ಮುಂದೆ ನಿಂತ.

"ಅಜ್ಜಾರ, ದ್ಯಾಮವ್ವನ ಮಾತೆಲ್ಲಾ ಕಳದುಬಿಟ್ಟೀನ್ರಿ. ಕಂಪ್ಯೂಟರ್ ಪೆಟ್ಟಿಗ್ಯಾಗ ಪದ ಬಿಟ್ರ ಏನೂ ಕಾಣವಲ್ದು. ಕಾಶವ್ವಗ ಹ್ಯಾಂಗ ಮಾರಿ ತೋರಸ್ಲಿ?"

ಅಜ್ಜ ಮುಚ್ಚಳ ಹಾಕಿದ್ದ ಒಂದು ಕೊಡ ತೋರಿಸಿದರು. "ಇದನ್ನ ಒಳಗ ಇಡು."

ಎತ್ತಿದ ಮುರಿಗೆಪ್ಪ ಜೋಲಿ ಹೋದ.

"ಯಾಕೊ?"

"ತುಂಬೇತ್ರಿ."

"ಮುಚ್ಚಳ ತಗದು ನೋಡಿದೇನು?"

"ಇಲ್ರಿ. ವಜ್ಜಿ ಐತಿ."

"ನಿನ್ನ ಪೆಟ್ಟಿಗಿ ಎಷ್ಟು ವಜ್ಜಿ ಐತಿ?"

ಮುರಿಗೆಪ್ಪ ಓಡಿದ. ಡಿಸ್ಕಿನಲ್ಲಿ ಎಷ್ಟು ಜಾಗ ತುಂಬಿದೆ ಅಂತ ತೆಗೆದು ನೋಡಿದ. ಭರ್ತಿಯಾಗಿತ್ತು. ಕಣ್ಣಿಗೆ ಕಾಣುವ ಪದಗಳೆಲ್ಲ ಸೇರಿದರೂ ಅದರ ಕಾಲುಭಾಗ ಆಗುತ್ತಿರಲಿಲ್ಲ.

ಆಗ ನೆನಪಾಯಿತು ಪುಣ್ಯಾತ್ಮನಿಗೆ. ಕತ್ತರಿಸುವ ಮೊದಲು ಮೂಲ ಧ್ವನಿಯನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಬೀಗರು ಬಂದಾಗ ಮುಸುರೆ ಪಾತ್ರೆ ಮರೆಗೆ ಸರಿಸಿದಂತೆ, ಅದನ್ನು ಯಾರಿಗೂ ಕಾಣದ ಹಾಗೆ ಹಿಡನ್ ಮಾಡಿದ್ದ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಫೋಲ್ಡರ್ ಆಪ್ಷನ್ಸ್ ತೆರೆದು, ಮರೆಯಾದ ಫೈಲುಗಳನ್ನು ತೋರಿಸುವ ಕಡೆ ಗುರುತು ಹಾಕಿದ. ದ್ಯಾಮವ್ವನ ಹೆಸರಿನ ಫೋಲ್ಡರ್ ಮಂಕುಬಣ್ಣದಲ್ಲಿ ಮೇಲೆದ್ದು ಬಂತು. ಮುರಿಗೆಪ್ಪನಿಗೆ ಹೋದ ಜೀವ ಬಂದಂತಾಯಿತು.

ಅದರ ಸಂಗಡ ಇನ್ನೂ ಒಂದಿಷ್ಟು ಮಂಕು ಫೈಲುಗಳು ಬಂದವು. ಅವನ ಕೈ ಮತ್ತೆ ತುರಿಸಿತು. ಅಷ್ಟರಲ್ಲಿ ಅಜ್ಜ ಬಂದು ಬೆನ್ನ ಹಿಂದೆ ನಿಂತಿದ್ದರು.

"ಅಜ್ಜಾರ, ಇವನ್ನ ಅಳಿಸಿಬಿಡ್ಲೇನ್ರಿ?"

"ಅವು ಏನು ಮಾಡ್ತಾವ?"

"ಕಂಪ್ಯೂಟರ್ ನಡಸ್ತಾವ್ರಿ."

"ಹಂಗಾದ್ರ ಮರ್ಯಾಗ ದುಡೀಲಿ ಬಿಡು."

ಮುರಿಗೆಪ್ಪ ಕಾಶವ್ವನನ್ನು ಕರೆದು ಧ್ವನಿ ಹಚ್ಚಿದ. ಮೊದಲು ಬಂದದ್ದು ಒಂದು ಉದ್ದನೆಯ ಕೆಮ್ಮು. ಅದರ ಹಿಂದೆಯೇ ದ್ಯಾಮವ್ವ.

"ಏ ಮುರಿಗ್ಯಾ, ಈ ಚಾಕ್ಕ ಸಕ್ಕರಿ ಬರೇ ತೋರಿಸಿ ತಂದೀಯೇನೊ? ನಮ್ಮ ಕಾಶಿ ಇದ್ದಿದ್ರ ಬೆಲ್ಲ ಹಾಕಿ ಕೊಡ್ತಿದ್ಲು."

ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಆಮೇಲೆ ನಕ್ಕಳು. "ಆ ಕೆಮ್ಮು ಇನ್ನೊಮ್ಮೆ ಹಚ್ರಿ," ಅಂದಳು.

ಇನ್ನೊಮ್ಮೆ ಹಚ್ಚಿದ. ಎದೆಯ ಮೇಲಿನ ಕಲ್ಲು ಇಳಿಸಿದಂತೆ ಗೋಡೆಗೆ ಒರಗಿ ಕೂತ. ಆದರೂ ಹಳೇ ಚಾಳಿ ಬಿಡಬೇಕಲ್ಲ.

"ಅಜ್ಜಾರ, ಪದ ಕೇಳಾಕ ಬರೋ ಮಂದಿ ಇದನ್ನ ಕೇಳಿ ಏನಂದಾರು? ಮತ್ತ ಮರೆ ಮಾಡಲೇನ್ರಿ?"

"ಪದ ಆಕಿಗಿಂತ ಮದಲೂ ಇದ್ದುವು, ಇನ್ನ ಮುಂದೂ ಇರ್ತಾವ," ಅಂದರು ಅಜ್ಜ. "ಕೆಮ್ಮು ಆಕಿದು."