ಮೂರು ಹನಿಗೆ ಸಹಿ

ಕರಾರು ಇಷ್ಟು: ಔಷಧಿ ಕುಡಿದ ಇಲಿಗಳು ಓಡಾಟ ನಿಲ್ಲಿಸಿದರೆ ಕಂಪನಿ ಆಶ್ರಮಕ್ಕೊಂದು ಪ್ರಯೋಗಶಾಲೆ ಕಟ್ಟಿಸಿಕೊಡುತ್ತದೆ, ನೀಲಾಂಬಿಕೆ ಅದರ ಮುಖ್ಯಸ್ಥೆ. ನಿಲ್ಲಿಸದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿ ಗುರುಪಾದಯ್ಯನವರು ವೈದ್ಯ ಕಲಿಸುತ್ತಿದ್ದರು. ನೀಲಾ ಅವರ ಶಿಷ್ಯೆ. ಅವಳು ಸಾಕಿದ ಇಲಿಗಳು ಹುಟ್ಟಿನಿಂದಲೇ ಚಂಚಲ. ಒಂದು ಕಡೆ ಕೂರವು, ಒಂದರ ಮೇಲೆ ಗಮನ ಇಡವು. ಅಂಥ ಮಕ್ಕಳಿಗೆಂದೇ ಕಂಪನಿ ಈ ಉತ್ತೇಜಕ ಔಷಧಿ ಮಾಡಿತ್ತು. ಮಿಕ್ಕವರನ್ನು ಕುಣಿಸುವ ಸರಕು ಚಂಚಲರನ್ನು ನೆಲೆಗೆ ನಿಲ್ಲಿಸುತ್ತದೆ, ಅದೇ ಅದರ ವಿಚಿತ್ರ.

ಒಂದು ಹನಿಗೆ ಓಟ ತುಸು ತಗ್ಗಿತು. ಮೂರು ಹನಿಗೆ ಪೂರ್ತಿ ನಿಂತಿತು. ಗಿರಾಕಿ ಕೇಳಿದ್ದನ್ನಷ್ಟೇ ತೂಗಿಕೊಡುವ ಅಂಗಡಿಯವಳ ಹಾಗೆ ನೀಲಾ ಓಟವನ್ನಷ್ಟೇ ಅಳೆದಳು, ಖುಷಿಯಿಂದ ಹೊಳೆಯ ಕಡೆ ಓಡಿದಳು.

ಗುರುಗಳು ಮೆಟ್ಟಿಲ ಮೇಲೆ ಕೂತು, ಕಡ್ಡಿಯಿಂದ ಒಂದೇ ಕಲ್ಲನ್ನು ಕೆರೆಯುತ್ತಿದ್ದರು.

“ಅಜ್ಜಾರ, ಇಲಿ ಸುಮ್ಮನಾದ್ವು.”

ಅವರು ಕೆರೆಯುತ್ತಲೇ ಇದ್ದರು.

“ಅಜ್ಜಾರ, ಕೇಳಿಸ್ತೇನ್ರಿ?”

ಕಡ್ಡಿ ಅದೇ ಕಲ್ಲಿನ ಮೇಲೆ. ಅವಳು ಗಾಬರಿಯಾಗಿ ಅವರ ಕೈ ಹಿಡಿದಳು. “ಏನಾತ್ರಿ ನಿಮಗ?”

“ಏನೂ ಆಗಿಲ್ಲವ್ವ. ಮುಂಜಾನೆ ನಿನ್ನ ಇಲಿಗೂಡು ನೋಡಿ ಬಂದೆ. ಅವುಗಳಂಗ ನಾನೂ ಓಡಾಡದ ಕುಂತಿದ್ದೆ. ನಿನ್ನ ಲೆಕ್ಕದಾಗ ನನಗೂ ಗುಣ ಆಗಿರಬೇಕಲ್ಲ?”

ನೀಲಾ ಇಲಿಗೂಡಿಗೆ ಹಿಂತಿರುಗಿದಳು. ದೀಪ ಹತ್ತಿದ ಕಿಂಡಿಗೆ ಮೂತಿ ಇಡುವುದನ್ನು ಇಲಿಗಳಿಗೆ ಮೊದಲೇ ಕಲಿಸಿದ್ದಳು. ಈಗ ದೀಪ ಹಾಕಿದಳು. ಒಂದು ಹನಿಯವು ಅಡ್ಡಾಡುತ್ತಲೇ ಬಂದು ಮೂತಿ ಇಟ್ಟವು. ಮೂರು ಹನಿಯವು ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ಒಂದೇ ಸರಳನ್ನು ಕಡಿಯುತ್ತ ಕೂತಿದ್ದವು.

ಸಂಜೆ ಕಂಪನಿಯ ದಾಮೋದರ ಶೇಟರು ಕಟ್ಟಡದ ನಕ್ಷೆ ಹಿಡಿದೇ ಬಂದರು. ಅದರಲ್ಲಿ ತನ್ನ ಕೋಣೆ ಎಲ್ಲಿದೆ ಎಂದು ನೀಲಾ ಕಣ್ಣುಮುಚ್ಚಿ ತೋರಿಸಬಲ್ಲಳು.

“ಓಟ ನಿಂತೈತಂತಲ್ಲ ತಂಗಿ. ಮೂರು ಹನಿಗೆ ಗುಣ ಆಗ್ತೈತಂತ ಸಹಿ ಹಾಕು.”

“ಓಟ ನಿಂತೈತಿ. ಗಮನ ಬಂದಿಲ್ಲ.”

“ಗಮನದ ಮಾತು ಕರಾರಿನಾಗ ಎಲ್ಲೈತಿ? ಮಾಸ್ತರಿಗೆ ಹುಡುಗ್ರು ಸುಮ್ನ ಕುಂತ್ರ ಸಾಕು.”

“ಅದಕ್ಕ ಔಷಧಿ ಯಾಕ್ರಿ ಶೇಟ್ರ? ಹಗ್ಗ ಸಾಕಲ್ಲ.”

ಶೇಟರು ಪಕ್ಕದಲ್ಲೇ ಕೂತಿದ್ದ ಗುರುಗಳತ್ತ ತಿರುಗಿದರು. “ಅಜ್ಜಾರ, ನೀವರ ಬುದ್ಧಿ ಹೇಳ್ರಿ.”

“ಕೈ ಆಕೀದು, ಸಹಿ ಆಕೀದು.”

“ಮೂರು ಹನಿಗೆ ನಾ ಹಾಕೂದಿಲ್ಲ,” ಅಂದಳು ನೀಲಾ. “ಒಂದು ಹನಿಗೆ ಬೇಕಾದ್ರ ಈಗ್ಲೇ ಹಾಕ್ತೀನಿ.”

“ಅವು ಇನ್ನೂ ಓಡ್ತಾವಲ್ಲ!”

“ಓಡ್ಲಿ ಬಿಡ್ರಿ. ಕರದ್ರ ಬರ್ತಾವ.”

ಶೇಟರು ನಕ್ಷೆ ಸುತ್ತಿಕೊಂಡು ಹೊರಟರು. ಅವರ ಜೀಪು ತಿರುವು ದಾಟುವ ತನಕ ನೀಲಾ ಕಣ್ಣು ಕೆಳಗಿಳಿಸಲಿಲ್ಲ.

ಆಮೇಲೆ ಕೇಳಿದಳು: “ಕಟ್ಟಡ ಹೋತು ಅಜ್ಜಾರ, ಮುಖ್ಯಸ್ಥೆ ಅನ್ನೂ ಪಟ್ಟಾನೂ ಹೋತು. ಕಡೀಗೆ ಕೈಗೆ ಬಂದದ್ದೇನು?”

“ಒಂದು ಹನಿ,” ಅಂದರು ಗುರುಗಳು. “ಅದೂ ಹೆಚ್ಚಾತೇನೋ. ನಾಳೆ ಅರ್ಧ ಕೊಟ್ಟು ನೋಡು.”